ಕೋನನ್ ಕಥೆಗಳನ್ನು ಎಲ್ಲಿಂದ ಶುರು ಮಾಡೋದು?

ನನ್ನ ಪುಸ್ತಕದ ಕಪಾಟು ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು: "ಕೋನನ್ ಸರಣಿ ಓದಬೇಕು ಅಂತಿದ್ದೀನಿ, ಮೊದಲು ಯಾವುದು?" ಕತ್ತಿ, ಮಾಟಮಂತ್ರಗಳ ಕಲ್ಪಿತ ಪ್ರಾಚೀನ ಲೋಕದ ವೀರ ಈ ಕೋನನ್. ನಾನು 'ದಿ ಅವರ್ ಆಫ್ ದಿ ಡ್ರ್ಯಾಗನ್' ಕಾದಂಬರಿ ತೆಗೆದು ಕೈಗಿಡುತ್ತೇನೆ. ಹಿಂಬದಿ ರಕ್ಷಾಪುಟ ಓದಿದ ಕೂಡಲೇ ತಕರಾರು: "ಇದರಲ್ಲಿ ಅವನು ಆಗಲೇ ರಾಜ ಆಗಿಬಿಟ್ಟಿದ್ದಾನಲ್ಲ! ಮುಂಚಿನದೆಲ್ಲ ಓದೋದು ಬೇಡವಾ?"

ಬೇಡ. ಬರೆದವನೇ ಆ ಕ್ರಮ ಇಟ್ಟುಕೊಂಡಿರಲಿಲ್ಲ. ಟೆಕ್ಸಸ್‌ನ ಕ್ರಾಸ್ ಪ್ಲೇನ್ಸ್ ಎಂಬ ಸಣ್ಣ ಊರಿನ ರಾಬರ್ಟ್ ಇ. ಹೋವರ್ಡ್‌ನ ಮೊದಲ ಕೋನನ್ ಕಥೆ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಬಂದದ್ದು 1932ರ ಡಿಸೆಂಬರ್‌ನಲ್ಲಿ. ಅದರಲ್ಲೇ ಕೋನನ್ ಅಕ್ವಿಲೋನಿಯಾ ಎಂಬ ಕಲ್ಪಿತ ರಾಜ್ಯದ ದೊರೆ. ಮುಂದಿನ ಕಥೆಯಲ್ಲೂ ದೊರೆ. ಮೂರನೆಯದರಲ್ಲಿ ನೋಡಿದರೆ ಮೀಸೆ ಚಿಗುರುವ ವಯಸ್ಸಿನ ಕಳ್ಳ! ಜಗಲಿ ಮೇಲೆ ಕೂತ ಅಜ್ಜ ನೆನಪಾದದ್ದನ್ನು ನೆನಪಾದಾಗ ಹೇಳುವ ಧಾಟಿ. ಪ್ರಾಯದ ಲೆಕ್ಕದಲ್ಲಿ ಜೋಡಿಸಿದ್ದು ಆಮೇಲಿನವರು.

ಹೋವರ್ಡ್ ಬರೆದ ಒಂದೇ ಕೋನನ್ ಕಾದಂಬರಿ ಈ 'ದಿ ಅವರ್ ಆಫ್ ದಿ ಡ್ರ್ಯಾಗನ್'. ಸಣ್ಣಕಥೆಗಳ ಸಂಕಲನ ಮಾರಾಟವಾಗಲ್ಲ, ಕಾದಂಬರಿ ಕೊಡಿ ಅಂದಿದ್ದ ಇಂಗ್ಲೆಂಡಿನ ಪ್ರಕಾಶಕರಿಗಾಗಿ 1934ರಲ್ಲಿ ಬರೆದ. ಆ ಪ್ರಕಾಶನವೇ ದಿವಾಳಿಯಾಯಿತು. ಕೊನೆಗೆ ಅದೇ 'ವಿಯರ್ಡ್ ಟೇಲ್ಸ್'ನಲ್ಲಿ 1935ರ ಡಿಸೆಂಬರ್‌ನಿಂದ ಐದು ಕಂತಾಗಿ ಬಂತು. ಕೋನನ್ ಹೆಸರೇ ಕೇಳದ ಓದುಗರಿಗೆಂದು ಬರೆದದ್ದಲ್ಲವೇ, ಹಾಗಾಗಿ ಹಳೆಯ ಕಥೆಗಳ ಸರಕನ್ನೇ ಧಾರಾಳವಾಗಿ ಮತ್ತೆ ಬಳಸಿಕೊಂಡಿದ್ದಾನೆ: ಸೆರೆಸಿಕ್ಕ ರಾಜ, ನೆಲದಡಿಯ ಕತ್ತಲಕೋಣೆ, ಕಡಲುಗಳ್ಳನಾಗಿದ್ದ ಕಾಲದ 'ಅಮ್ರಾ' ಎಂಬ ಹೆಸರು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಹೆಬ್ಬಾಗಿಲು ಎಲ್ಲಿದೆ?

ಕಥೆ ಇಷ್ಟೇ. ಮೂರು ಸಾವಿರ ವರ್ಷದ ಹಿಂದೆ ಸತ್ತ ಝಾಲ್ಟೋಟನ್ ಎಂಬ ಮಾಟಗಾರನನ್ನು ನಾಲ್ವರು ಸಂಚುಕೋರರು ಒಂದು ಮಾಯದ ಮಣಿಯಿಂದ ಎಬ್ಬಿಸುತ್ತಾರೆ. ಅವನ ಮಾಟದಿಂದ ಯುದ್ಧದ ಬೆಳಗ್ಗೆ ಕೋನನ್‌ಗೆ ಹಾಸಿಗೆಯಿಂದ ಏಳಲೂ ಆಗುವುದಿಲ್ಲ. ಅವನ ಕವಚ ತೊಟ್ಟು ಬೇರೊಬ್ಬ ಹೋಗಿ ಸಾಯುತ್ತಾನೆ. ಕೋನನ್ ಸೆರೆಸಿಕ್ಕ, ರಾಜ್ಯ ಹೋಯಿತು, ಈಗ ತಪ್ಪಿಸಿಕೊಂಡು ಮಣಿ ಹುಡುಕಬೇಕು.

ನನಗೆ ಪ್ರಿಯವಾದದ್ದು ಸೆರೆಮನೆಯ ಭಾಗ. ಅರಮನೆಯ ದಾಸಿ ಜೆನೋಬಿಯಾ ಕದ್ದುಮುಚ್ಚಿ ಬಂದು ಕೀಲಿಕೈ ಜೊತೆ ಒಂದು ಬಾಕು ಕೊಡುತ್ತಾಳೆ. ಹೆಂಗಸರ ಕೈಗೆ ಚೆಂದ ಕಾಣುವ ರತ್ನದ ಹಿಡಿಯ ಆಟಿಕೆಯಲ್ಲ. ಹೆಚ್ಚುಕಡಿಮೆ ಮೊಳದುದ್ದದ, ಅಗಲ ಅಲಗಿನ, ಕೆಲಸಕ್ಕೆ ಬರುವ ಬಾಕು. ಅದನ್ನು ಕಂಡೇ ಅವಳ ಬುದ್ಧಿ ಎಂಥದ್ದು ಅಂತ ಕೋನನ್‌ಗೆ ಗೊತ್ತಾಗುತ್ತದೆ. ಕತ್ತಲಲ್ಲಿ ನರಭಕ್ಷಕ ಬೂದುಬಣ್ಣದ ವಾನರ ಮೈಮೇಲೆ ಬಿದ್ದಾಗ ಆ ಅಲಗಿನ ಉದ್ದವೇ ಅವನ ಜೀವ ಉಳಿಸುವುದು.

ಇಂಥ ಹೆಣ್ಣನ್ನು ಹೋವರ್ಡ್ ಅಲ್ಲೇ ಬಿಟ್ಟುಬಿಡುತ್ತಾನೆ ನೋಡಿ, ನನಗೆ ಸಿಟ್ಟು ಅದಕ್ಕೇ. ನಡುವೆ ಪುಟಗಟ್ಟಲೆ ಅವಳ ಸುಳಿವಿಲ್ಲ, ಕೊನೆಗೆ ರಾಣಿ ಮಾಡ್ತೀನಿ ಅನ್ನುವ ಮಾತೊಂದು. ಕಪ್ಪು ಜನರ ಚಿತ್ರಣವೂ ಆ ಕಾಲದ ಕೊಳಕನ್ನೆಲ್ಲ ಹೊತ್ತಿದೆ. ಹಲ್ಲು ಕಚ್ಚಿಕೊಂಡು ಓದಬೇಕು.

ಅಂದಹಾಗೆ, 1950ರಲ್ಲಿ ಮೊದಲ ಸಲ ಪುಸ್ತಕವಾದಾಗ ಇದಕ್ಕೆ 'ಕೋನನ್ ದಿ ಕಾಂಕರರ್' ಅಂತ ಹೆಸರಿಟ್ಟರು. ಹಳೆ ಪುಸ್ತಕದಂಗಡಿಯಲ್ಲಿ ಅದು ಕಂಡರೆ ಬೇರೆ ಕಾದಂಬರಿ ಅಂದುಕೊಂಡು ಕೊಳ್ಳಬೇಡಿ. ನನ್ನ ಕಪಾಟಿನಲ್ಲಿ ಎರಡೂ ಇವೆ.