ಉಂಗುರ ಬೆಂಕಿಗೆ ಬಿದ್ದ ಮೇಲೂ ಸಿನಿಮಾ ಏಕೆ ಮುಗಿಯುವುದಿಲ್ಲ?

ನಾನು 'ದ ಲಾರ್ಡ್ ಆಫ್ ದ ರಿಂಗ್ಸ್' ಚಿತ್ರಗಳ ಅಭಿಮಾನಿ ಎಂದು ಗೊತ್ತಾದ ಕೂಡಲೇ ಎದುರಿಗಿದ್ದವರು ಕೇಳುವುದು ಇದನ್ನೇ: "ಆ ಮೂರನೆಯ ಚಿತ್ರ ಒಟ್ಟು ಎಷ್ಟು ಸಲ ಮುಗಿಯುತ್ತದೆ ಮಾರಾಯರೇ?" 2003ರ ಡಿಸೆಂಬರ್‌ನಲ್ಲಿ 'ದ ರಿಟರ್ನ್ ಆಫ್ ದ ಕಿಂಗ್' ತೆರೆಕಂಡಾಗಿನಿಂದ ಈ ಪ್ರಶ್ನೆ ಇದೆ. ಮೂರು ಗಂಟೆ ಇಪ್ಪತ್ತೊಂದು ನಿಮಿಷದ ಚಿತ್ರ. ಲೋಕವನ್ನೇ ಆಳಬಯಸಿದ ದುಷ್ಟ ಸೌರಾನ್‌ನ ಶಕ್ತಿ ಅಡಗಿದ್ದ ಉಂಗುರ ಕರಗಿತು, ಅವನ ಗೋಪುರ ಕುಸಿಯಿತು, ಇನ್ನೇನು ಬಾಕಿ? ಆದರೂ ನಿರ್ದೇಶಕ ಪೀಟರ್ ಜಾಕ್ಸನ್ ಇನ್ನೂ ಇಪ್ಪತ್ತು ನಿಮಿಷ ನಮ್ಮನ್ನು ಎಬ್ಬಿಸುವುದಿಲ್ಲ.

ದೂರಿನಲ್ಲಿ ಹುರುಳಿಲ್ಲ ಎನ್ನಲಾರೆ. ಪರದೆ ಕಪ್ಪಾಯಿತೆಂದರೆ ಕಥೆ ಮುಗಿಯಿತು ಎಂದು ಸಿನಿಮಾವೇ ನಮಗೆ ಕಲಿಸಿದೆ. ಇಲ್ಲಿ ಪರದೆ ಕಪ್ಪಾಗುತ್ತದೆ, ಜನ ಕಾಲಿನಲ್ಲೇ ಚಪ್ಪಲಿ ತಡಕುತ್ತಾರೆ, ಅಷ್ಟರಲ್ಲಿ ಹದ್ದುಗಳು ಹಾರಿಬರುತ್ತವೆ. ಮತ್ತೆ ಬೆಳ್ಳಗಿನ ಕೋಣೆ, ಅಲ್ಲಿ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಬಾಗಿಲಿನಲ್ಲಿ ಕಾಣಿಸಿಕೊಂಡು ನಿಧಾನಗತಿಯಲ್ಲಿ ನಗುತ್ತಾರೆ. ಆ ಹಾಸಿಗೆಯ ದೃಶ್ಯವನ್ನು ನಾನೂ ಸಮರ್ಥಿಸುವುದಿಲ್ಲ. ಆಮೇಲೆ ಪಟ್ಟಾಭಿಷೇಕ, ಊರಿಗೆ ಮರಳುವುದು, ಮದುವೆ, ಬಂದರು. ನಂಟರು ಹೊರಟು ನಿಂತು ಗೇಟಿನ ಬಳಿ ಇನ್ನರ್ಧ ಗಂಟೆ ಮಾತಾಡಿದಂತೆ.

ಆದರೆ ಉಂಗುರ ಬಿದ್ದದ್ದು ಹೇಗೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಅದನ್ನು ನಾಶಮಾಡಲೆಂದೇ ಹೊರಟಿದ್ದ ಫ್ರೋಡೊ, ಹಾಬಿಟ್ ಎಂಬ ಕುಳ್ಳ ಜನರಲ್ಲೊಬ್ಬ, ಅದನ್ನು ಎಸೆಯಲಿಲ್ಲ. ಅಷ್ಟು ದೂರ ಹೊತ್ತು ತಂದವನು ಕೊನೆಯ ಗಳಿಗೆಯಲ್ಲಿ ಅದು ತನ್ನದೆಂದು ಬೆರಳಿಗೆ ತೊಡಿಸಿಕೊಂಡ. ಹಿಂದೆ ಆ ಉಂಗುರವನ್ನು ಇಟ್ಟುಕೊಂಡಿದ್ದು ಅದರ ಹುಚ್ಚು ಹಿಡಿದಿದ್ದ ಗೊಲಮ್ ಆ ಬೆರಳನ್ನೇ ಕಚ್ಚಿ ತುಂಡರಿಸಿದ, ಇಬ್ಬರ ತಿಕ್ಕಾಟದಲ್ಲಿ ಉಂಗುರದ ಸಮೇತ ಬೆಂಕಿಗೆ ಬಿದ್ದ. ಲೋಕ ಉಳಿಯಿತು, ಹೌದು. ಉಳಿಸಿದವನು ಎಂದು ಜನ ಯಾರನ್ನು ಕೊಂಡಾಡುತ್ತಾರೋ ಅವನಿಗೆ ಮಾತ್ರ ತಾನು ಸೋತದ್ದು ಗೊತ್ತು. ಚಿತ್ರ ಅಲ್ಲಿಗೇ ನಿಂತಿದ್ದರೆ ಅದು ಒಂದು ಒಡವೆಯ ಕಥೆಯಾಗುತ್ತಿತ್ತು, ಅಷ್ಟೇ.

ನನ್ನ ಉತ್ತರ ಇರುವುದು ಒಂದು ಹೆಂಡದಂಗಡಿಯಲ್ಲಿ. ಫ್ರೋಡೊ ಮತ್ತು ಅವನ ಗೆಳೆಯರಾದ ಸ್ಯಾಮ್, ಮೆರಿ, ಪಿಪ್ಪಿನ್, ಹೀಗೆ ನಾಲ್ವರು ಹಾಬಿಟ್‌ಗಳು ಊರಿಗೆ ಮರಳಿ 'ಗ್ರೀನ್ ಡ್ರ್ಯಾಗನ್' ಪಾನಗೃಹದಲ್ಲಿ ಮೇಜಿನ ಸುತ್ತ ಕೂರುತ್ತಾರೆ. ಸುತ್ತಲಿನವರ ಗಮನವೆಲ್ಲ ಯಾರೋ ಹೊತ್ತು ತಂದ ದೊಡ್ಡ ಕುಂಬಳಕಾಯಿಯ ಮೇಲೆ. ಇವರು ಎಲ್ಲಿಗೆ ಹೋಗಿದ್ದರು, ಏನು ಕಂಡರು ಎಂದು ಒಬ್ಬನೂ ಕೇಳುವುದಿಲ್ಲ. ನಾಲ್ವರೂ ಒಬ್ಬರನ್ನೊಬ್ಬರು ನೋಡಿ, ಮಾತಿಲ್ಲದೆ ಲೋಟ ಎತ್ತುತ್ತಾರೆ. ಮೂಲ ಕಾದಂಬರಿಯಲ್ಲಿ ಹೀಗಿಲ್ಲ. ಅಲ್ಲಿ ಅವರು ಮರಳುವ ಹೊತ್ತಿಗೆ ಊರೇ ಹಾಳಾಗಿದೆ, ಮರಗಳು ಉರುಳಿವೆ, ಮತ್ತೊಂದು ಹೋರಾಟ ನಡೆಯಬೇಕಾಗುತ್ತದೆ. ಅದನ್ನು ಕೈಬಿಟ್ಟದ್ದಕ್ಕೆ ಜಾಕ್ಸನ್ ಅವರನ್ನು ಇಂದಿಗೂ ಕ್ಷಮಿಸದ ಓದುಗರಿದ್ದಾರೆ. ನನಗೆ ಮಾತ್ರ ಚಿತ್ರದ ದಾರಿಯೇ ಹೆಚ್ಚು ನೋವಿನದು ಅನ್ನಿಸುತ್ತದೆ. ಊರು ಇದ್ದ ಹಾಗೆಯೇ ಇದೆ, ಬದಲಾದದ್ದು ಹೋಗಿಬಂದವರು ಮಾತ್ರ.

ಆ ಕಾದಂಬರಿ ಬರೆದ ಜೆ. ಆರ್. ಆರ್. ಟೋಲ್ಕಿನ್ ಇದನ್ನು ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ಮೊದಲ ಮಹಾಯುದ್ಧದ ಕಾಲದ, 1916ರ ಸೋಮ್ ಯುದ್ಧದಲ್ಲಿ ಅವರು ಸಿಗ್ನಲ್ ಅಧಿಕಾರಿಯಾಗಿದ್ದರು, ಕಂದಕಗಳ ಹೇನಿನಿಂದ ಬರುವ ಜ್ವರ ಹಿಡಿದು ಇಂಗ್ಲೆಂಡಿಗೆ ಮರಳಿದರು. 1918ರ ಹೊತ್ತಿಗೆ ತಮ್ಮ ಆಪ್ತ ಗೆಳೆಯರಲ್ಲಿ ಒಬ್ಬನನ್ನುಳಿದು ಎಲ್ಲರೂ ಸತ್ತಿದ್ದರು ಎಂದು ಕಾದಂಬರಿಯ ಮುನ್ನುಡಿಯಲ್ಲಿ ಬರೆದುಕೊಂಡಿದ್ದಾರೆ. ಚಿತ್ರದ ಕೊನೆಯ ಭಾಗದಲ್ಲಿ ಬರೆಯುತ್ತಾ ಕುಳಿತ ಫ್ರೋಡೊ ಹೆಗಲು ಮುಟ್ಟಿಕೊಳ್ಳುತ್ತಾನೆ. ಅಲ್ಲಿ ಕತ್ತಿ ಇರಿದು ಅಂದಿಗೆ ಸರಿಯಾಗಿ ನಾಲ್ಕು ವರ್ಷ, ಗಾಯ ಮಾಯಲೇ ಇಲ್ಲ. ಉಂಗುರ ಬಿದ್ದ ಕೂಡಲೇ ಎದ್ದು ಹೋದವರಿಗೆ ಈ ಗಾಯದ ವಿಷಯ ತಿಳಿಯುವುದು ಹೇಗೆ?

ಈ ಅವಸರ ಹೊಸದೇನಲ್ಲ. ಮಹಾಭಾರತ ಹದಿನೆಂಟು ದಿನದ ಯುದ್ಧಕ್ಕೆ ಮುಗಿಯುವುದಿಲ್ಲ. ಗೆದ್ದವನ ಅಳಲು, ಯಾದವರ ನಾಶ, ಪಾಂಡವರ ಕೊನೆಯ ನಡಿಗೆ ಎಲ್ಲ ಬರುವುದು ಆಮೇಲೆ. ಆದರೆ ಗದುಗಿನ ನಾರಣಪ್ಪ ಗದಾಪರ್ವಕ್ಕೆ ನಿಲ್ಲಿಸಿದ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಮುಗಿಸಿದ. ಗಮಕಿಗಳ ಬಾಯಲ್ಲಿ ಇಂದಿಗೂ ಇರುವುದು ಕುಮಾರವ್ಯಾಸನೇ. ತಿಮ್ಮಣ್ಣನನ್ನು ಓದಿದವರನ್ನು ಹುಡುಕಬೇಕು. ಕಾವ್ಯಶಕ್ತಿಯ ವ್ಯತ್ಯಾಸ ಅದಕ್ಕೆ ಮುಖ್ಯ ಕಾರಣ, ಒಪ್ಪೋಣ. ತೊಡೆ ಮುರಿದ ಮೇಲಿನ ಕಥೆ ನಮಗೆ ಅಷ್ಟಾಗಿ ಬೇಡ ಎಂಬುದೂ ಒಂದು ಕಾರಣವಿರಬಹುದು.

ಇನ್ನು ಬಂದರಿನ ದೃಶ್ಯ. ಫ್ರೋಡೊ ಕೂಡ ಮತ್ತೆಂದೂ ಮರಳದ ಹಡಗು ಹತ್ತುತ್ತಾನೆಂದು ಗೆಳೆಯರಿಗೆ ಅಲ್ಲಿಯವರೆಗೆ ಗೊತ್ತಿರುವುದಿಲ್ಲ. ಅವನು ಮೆರಿ, ಪಿಪ್ಪಿನ್, ಸ್ಯಾಮ್ ಮೂವರನ್ನೂ ಬೇರೆಬೇರೆಯಾಗಿ ಅಪ್ಪಿಕೊಳ್ಳುತ್ತಾನೆ; ಕ್ಯಾಮೆರಾ ಯಾರನ್ನೂ ಅವಸರಿಸುವುದಿಲ್ಲ. ಈ ದೃಶ್ಯವನ್ನು ಮೂರು ಸಲ ಚಿತ್ರೀಕರಿಸಬೇಕಾಯಿತು. ಮೊದಲ ಸಲ ಸ್ಯಾಮ್ ಪಾತ್ರದ ಶಾನ್ ಆಸ್ಟಿನ್ ಊಟ ಮುಗಿಸಿ ಬಂದವರು ವೇಸ್ಟ್‌ಕೋಟ್ ಹಾಕಿಕೊಳ್ಳುವುದನ್ನೇ ಮರೆತಿದ್ದರು, ಎರಡನೆಯ ಸಲ ಫೋಕಸ್ ಕೈಕೊಟ್ಟಿತ್ತು. ಅಷ್ಟು ಅತ್ತವರು ಮೂರನೆಯ ಸಲವೂ ಅಳಬೇಕಾಯಿತು. ಪರದೆಯ ಮೇಲೆ ಆ ದಣಿವು ಕಾಣುತ್ತದೆಯೇ ಎಂದು ಹುಡುಕಿ ನೋಡಿದ್ದೇನೆ, ನನಗಂತೂ ಕಾಣಲಿಲ್ಲ. ಮನೆಗೆ ಮರಳಿದ ಸ್ಯಾಮ್‌ನತ್ತ ಓಡಿಬರುವ ಪುಟ್ಟ ಹುಡುಗಿ ಆಸ್ಟಿನ್ ಅವರ ಸ್ವಂತ ಮಗಳು.

ಹೆಸರುಗಳು ಬರುವಾಗಲೂ ಏಳಬೇಡಿ. ಆನಿ ಲೆನಾಕ್ಸ್ ಹಾಡುವ ಗೀತೆಗೆ ಪ್ರೇರಣೆಯಾದವನು ಕ್ಯಾಮೆರಾನ್ ಡಂಕನ್ ಎಂಬ ನ್ಯೂಜಿಲೆಂಡಿನ ಎಳೆಯ ಚಿತ್ರಕರ್ಮಿ. ಚಿತ್ರ ಬಿಡುಗಡೆಯಾಗುವ ಮುಂಚಿನ ತಿಂಗಳಲ್ಲಿ ಅವನು ಕ್ಯಾನ್ಸರ್‌ನಿಂದ ತೀರಿಕೊಂಡ. 2004ರಲ್ಲಿ ನಾಮನಿರ್ದೇಶನಗೊಂಡ ಹನ್ನೊಂದೂ ವಿಭಾಗಗಳಲ್ಲಿ ಈ ಚಿತ್ರಕ್ಕೆ ಆಸ್ಕರ್ ಬಂದಿತು, ಆ ಹಾಡಿನದೂ ಅವುಗಳಲ್ಲಿ ಒಂದು.

ಇಷ್ಟು ಹೇಳಿದ ಮೇಲೆ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ: ಮತ್ತೆ ಆಮೇಲೆ ಬಂದ ಚಿತ್ರಗಳು? ಒಂದು ತೆಳು ಪುಸ್ತಕವನ್ನು ಮೂರು ಚಿತ್ರಗಳಿಗೆ ಎಳೆದ 'ದ ಹಾಬಿಟ್' ಸರಣಿ 2014ರಲ್ಲಿ ಮುಗಿದಾಗ ನನಗೆ ಯಾವ ಸಂಕಟವೂ ಆಗಲಿಲ್ಲ. ಕೊನೆಗೆ ಆ ಸರಣಿಯ ನಾಯಕ ಬಿಲ್ಬೊ ಮನೆಗೆ ಬಂದಾಗ ಊರವರು ಅವನ ಪಾತ್ರೆಪಗಡೆ ಹರಾಜು ಹಾಕುತ್ತಿರುವ ಭಾಗವೊಂದು ಚೆನ್ನಾಗಿದೆ. ಉಳಿದದ್ದು ಗದ್ದಲ. ಸಂಕಟವಾಗದಿರಲು ಕಾರಣ ಆ ಚಿತ್ರಗಳ ಸೋಲಷ್ಟೇ ಅಲ್ಲ. ಈ ಲೋಕದಿಂದ ನನ್ನ ಬೀಳ್ಕೊಡುಗೆ ಹಿಂದೆಯೇ ಆ ಬಂದರಿನಲ್ಲಿ ಪೂರ್ತಿಯಾಗಿ ಆಗಿಹೋಗಿತ್ತು.

ಗೊಲಮ್ ಪಾತ್ರ ಮಾಡಿದ್ದ ಆಂಡಿ ಸರ್ಕಿಸ್ ಅವರ ನಿರ್ದೇಶನದಲ್ಲಿ, ಗೊಲಮ್‌ನ ಹುಡುಕಾಟದ ಕುರಿತೇ ಇನ್ನೊಂದು ಚಿತ್ರ ಘೋಷಣೆಯಾಗಿದೆ. ಬಂದರೆ ಟಿಕೆಟ್ ಕೊಂಡು ನೋಡುತ್ತೇನೆ, ಚೆನ್ನಾಗಿದ್ದರೆ ಹೊಗಳುತ್ತೇನೆ. ಹಡಗು ಹತ್ತಿದ ಫ್ರೋಡೊನನ್ನು ಇಳಿಸಿ ಮತ್ತೆ ಊರಿಗೆ ಕರೆತರುವ ಚಿತ್ರವನ್ನು ಯಾರಾದರೂ ಮಾಡಿದರೆ ಮಾತ್ರ ನಾನು ಹೋಗುವುದಿಲ್ಲ.