ವಿಮಾನ ಇಳಿಯುವ ಮನೆ, ಸಂಕ ದಾಟುವ ಮನೆ

"ನಿಮ್ಮ ಊರಲ್ಲಿ ವಿಮಾನ ಎಲ್ಲಿ ಇಳಿಯುತ್ತೆ?"

ಕೇಳಿದವಳು ಒಂಬತ್ತು ವರ್ಷದ ಹುಡುಗಿ. ನಮ್ಮ ಮನೆ ಶಿರಸಿ ಕಡೆಯ ಕಾಡಿನೊಳಗೆ, ದೊಡ್ಡ ಆಸ್ಪತ್ರೆ ಬಹಳ ದೂರ ಅಂತ ನಾನು ಹೇಳಿದ್ದೆ. ಅದನ್ನು ಕೇಳಿ ಅವಳಿಗೆ ಮೊದಲು ಬಂದ ಪ್ರಶ್ನೆ ಇದು. ದೂರದ ಮನೆ ಅಂದ ಮೇಲೆ ವಿಮಾನ ಇಳಿಯೋಕೆ ಜಾಗ ಇರಲೇಬೇಕು, ಅಲ್ವಾ? ಅವಳು ಹುಟ್ಟಿದಾಗಿನಿಂದ ನೋಡಿದ್ದು ಅದನ್ನೇ.

ಈ ಆಗಸ್ಟಿನಲ್ಲಿ ನಾವು ಕೆಲವು ಗೆಳೆಯರು ದಕ್ಷಿಣ ಆಸ್ಟ್ರೇಲಿಯಾದ ಒಳನಾಡಿಗೆ ಸೈಕಲ್ ಸವಾರಿ ಹೋಗಿದ್ದೆವು. ಮಾರೀ ಎಂಬ ಊರಿನಿಂದ ವಿಲಿಯಂ ಕ್ರೀಕ್‌ವರೆಗೆ ಸುಮಾರು 200 ಕಿಲೋಮೀಟರ್ ಮಣ್ಣಿನ ದಾರಿ. ಊಡ್ನಡಾಟಾ ಟ್ರ್ಯಾಕ್ ಅಂತಾರೆ. ಅಡಿಲೇಡಿನಲ್ಲಿ ನಮ್ಮ ಆಫೀಸಿನವರು, ನೆರೆಹೊರೆಯವರು, ಕನ್ನಡದ ಮನೆಗಳವರು ಕೊಟ್ಟ ಹಣವೆಲ್ಲ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್‌ಗೆ. ವಿಮಾನದಲ್ಲಿ ಹಾರಿ ಬಂದು ರೋಗಿಯನ್ನು ನೋಡುವ ವೈದ್ಯರ ಸಂಸ್ಥೆ ಅದು. ನಮ್ಮ ಹಿಂದೆ ನೀರು, ಅಕ್ಕಿ, ಟೈರು ಹೊತ್ತ ಒಂದು ಜೀಪು. ಅದನ್ನು ಓಡಿಸಿದ್ದು ಮೈಸೂರಿನ ಗೆಳೆಯ.

ಆ ರಸ್ತೆ ತಗಡಿನ ಶೀಟಿನ ಹಾಗೆ ಉದ್ದಕ್ಕೂ ಏರುತಗ್ಗು. ಹ್ಯಾಂಡಲ್ ಹಿಡಿದ ಕೈ ರಾತ್ರಿ ಮಲಗಿದ ಮೇಲೂ ನಡುಗುತ್ತಿತ್ತು. ನೊಣಗಳು ಬಾಯಿ ತೆರೆಯಲು ಬಿಡುವುದಿಲ್ಲ. ಪಂಕ್ಚರ್ ಮಾಡಿದ ಮುಳ್ಳು ತೆಗೆದು ನೋಡಿದರೆ ನಮ್ಮ ನೆಗ್ಗಿಲು ಮುಳ್ಳು! ಇಷ್ಟು ದೂರದ ಮರಳುಗಾಡಿನಲ್ಲಿ ಅದನ್ನು ಅಂಗೈಯಲ್ಲಿಟ್ಟುಕೊಂಡಾಗ ನನಗೆ ಖುಷಿಯೇ ಆಯಿತು. ರಸ್ತೆಯ ಪಕ್ಕದಲ್ಲೇ 1980ರಲ್ಲಿ ನಿಂತುಹೋದ ಹಳೆಯ ಘಾನ್ ರೈಲಿನ ದಾರಿ. ರೈಲಿಗಿಂತ ಮೊದಲು ಇಲ್ಲಿ ಸಾಮಾನು ಸಾಗಿಸಿದ್ದು ಒಂಟೆಗಳು. ಒಂಟೆ ಹೊಡೆದುಕೊಂಡು ಬಂದವರು ಅಫ್ಘಾನಿಸ್ತಾನ, ಬಲೂಚಿಸ್ತಾನ, ಪಂಜಾಬಿನ ಕಡೆಯವರು. ಮಾರೀಯಲ್ಲಿ ಅವರ ಮಸೀದಿ ಹೇಗಿತ್ತು ಅಂತ ತೋರಿಸಲು ಅದರ ಮಾದರಿಯನ್ನು ಮತ್ತೆ ಕಟ್ಟಿದ್ದಾರೆ. ಅದರ ಮುಂದೆ ನಾವೆಲ್ಲ ಸ್ವಲ್ಪ ಹೊತ್ತು ಸುಮ್ನೆ ನಿಂತೆವು.

ಒಂದು ಸಂಜೆ ದನ ಸಾಕುವ ಕುಟುಂಬವೊಂದು ಮನೆಯ ಹತ್ತಿರ ಡೇರೆ ಹಾಕಿಕೊಳ್ಳಿ ಅಂದಿತು. ಇಲ್ಲಿ ಒಬ್ಬರ ಜಮೀನು ಎಷ್ಟು ದೊಡ್ಡದು ಅಂತ ಊರಲ್ಲಿ ಹೇಳಿದರೆ ನಂಬುವುದಿಲ್ಲ. ವಿಲಿಯಂ ಕ್ರೀಕ್ ಸುತ್ತ ಇರುವ ಆನಾ ಕ್ರೀಕ್ ಎಂಬ ದನದ ಜಮೀನು ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ನಾವು ಉಳಿದ ಮನೆಯಿಂದ ಪೋರ್ಟ್ ಆಗಸ್ಟಾದ ಆಸ್ಪತ್ರೆ 400 ಕಿಲೋಮೀಟರ್ ಆಸುಪಾಸು.

ಆ ಹುಡುಗಿ ನಮ್ಮನ್ನು ಕರೆದುಕೊಂಡು ಹೋಗಿ ಎಲ್ಲ ತೋರಿಸಿದಳು. ಮನೆಯ ಹಿಂದೆ ಕಲ್ಲು ಆರಿಸಿ ಸಮ ಮಾಡಿದ ಉದ್ದದ ಮಣ್ಣಿನ ಪಟ್ಟಿ. ವಿಮಾನ ಬರುವ ಮೊದಲು ಅದರ ಮೇಲೆ ಗಾಡಿ ಓಡಿಸಿ ಕಾಂಗರೂ, ದನಗಳನ್ನು ಓಡಿಸಬೇಕು. ಆಗ ಅವಳು ಅಪ್ಪನ ಜೊತೆ ಗಾಡಿಯಲ್ಲಿರುತ್ತಾಳಂತೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಬೀಗ ಹಾಕಿದ ಔಷಧದ ಪೆಟ್ಟಿಗೆ. ಪ್ರತಿ ಔಷಧಕ್ಕೂ ಒಂದು ನಂಬರ್. ಫೋನಿನಲ್ಲಿ ವೈದ್ಯರು ಇಂಥ ನಂಬರಿನದು ಇಷ್ಟು ಕೊಡಿ ಅನ್ನುತ್ತಾರೆ. ಅಷ್ಟರಲ್ಲಿ ವಾಸಿಯಾಗದಿದ್ದರೆ ವಿಮಾನ. ಅದಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ ಅಂತ ಅವಳಮ್ಮ ಹೇಳಿದರು.

"ನಮ್ಮಲ್ಲಿ ವಿಮಾನ ಇಳಿಯೋದಿಲ್ಲ ಪುಟ್ಟಿ" ಅಂದೆ.

"ಹಾಗಾದ್ರೆ ಯಾರು ಬರ್ತಾರೆ?"

"ಅಕ್ಕಪಕ್ಕದ ಮನೆಯವರು."

ಅವಳು ಯೋಚಿಸಿ ಹೇಳಿದಳು, "ನಿಮಗೆ ಒಳ್ಳೇದು. ನಮ್ಮ ಪಕ್ಕದ ಮನೆಯವರು ಬರೋಕೆ ಒಂದು ಗಂಟೆ ಬೇಕು."

ಆ ರಾತ್ರಿ ಡೇರೆಯಲ್ಲಿ ನಿದ್ದೆ ಬರಲಿಲ್ಲ. ದೊಡ್ಡಪ್ಪ ಕಣ್ಣ ಮುಂದೆ ಬಂದ. ನಾನು ಹೈಸ್ಕೂಲಿನಲ್ಲಿದ್ದಾಗಿನ ಮಾತು. ಆಷಾಢದ ಮಳೆ. ನಡುರಾತ್ರಿ ಅವನಿಗೆ ಎದೆನೋವು ಬಂತು. ಕೂಗು ಕೇಳಿ ಸುತ್ತಲ ಮನೆಗಳ ಗಂಡಸರೆಲ್ಲ ಟಾರ್ಚು ಹಿಡಿದು ಓಡಿ ಬಂದರು. ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ ಜೋಲಿ ಮಾಡಿ, ಅದರಲ್ಲಿ ಮಲಗಿಸಿ ಹೊತ್ತರು. ಹಳ್ಳದ ಮೇಲಿನ ಸಣ್ಣ ಕಾಲುಸೇತುವೆ, ನಾವು ಕಾಲುಸಂಕ ಅನ್ನುವುದು, ನೀರಿನಲ್ಲಿ ಮುಳುಗಿತ್ತು. ಗುಡ್ಡ ಸುತ್ತಿ ಟಾರ್ ರಸ್ತೆಗೆ ಬಂದು ಜೀಪು ಹಿಡಿಯುವಾಗ ಬೆಳಕು ಹರಿಯುತ್ತಿತ್ತು. ಶಿರಸಿಯಲ್ಲಿ ನೋಡಿದವರು ಹುಬ್ಬಳ್ಳಿಗೆ ಒಯ್ಯಿರಿ ಅಂದರು. ಅದು ಸುಮಾರು 100 ಕಿಲೋಮೀಟರ್. ಮುಂಡಗೋಡು ದಾಟುವಷ್ಟರಲ್ಲಿ ದೊಡ್ಡಪ್ಪ ಹೋಗಿಬಿಟ್ಟಿದ್ದ. ಅವತ್ತು ಜೋಲಿ ಹೊತ್ತವರಲ್ಲಿ ಅವನ ಜೊತೆ ಗಡಿಜಗಳ ಆಡಿ ವರ್ಷಗಟ್ಟಲೆ ಮಾತು ಬಿಟ್ಟವನೂ ಇದ್ದ. ಅಂಥ ನೆರೆಹೊರೆ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಆದರೆ ಅಷ್ಟು ಜನರ ಹೆಗಲಿಗೂ ಒಂದು ಸೇತುವೆ ಬೇಕಿತ್ತು.

ಇಲ್ಲಿಯ ಕಥೆಯೂ ಸಾವಿನಿಂದಲೇ ಶುರುವಾದದ್ದು. 1917ರಲ್ಲಿ ಜಿಮ್ಮಿ ಡಾರ್ಸಿ ಎಂಬ ದನ ಕಾಯುವ ಯುವಕ ಬಿದ್ದು ಗಾಯಗೊಂಡ. ವೈದ್ಯರು ಇದ್ದದ್ದು ದೂರದ ಪರ್ತ್‌ನಲ್ಲಿ. ಅವರು ತಂತಿಯಲ್ಲಿ ಹೇಳಿದ ಹಾಗೆ ಪೋಸ್ಟ್ ಮಾಸ್ಟರೇ ಚಾಕು ಹಿಡಿದು ಅವನಿಗೆ ಆಪರೇಷನ್ ಮಾಡಿದರು. ವೈದ್ಯರು ಹಡಗು, ಕಾರು, ಕುದುರೆಗಾಡಿ ಹಿಡಿದು ಬಂದು ಮುಟ್ಟುವ ಹಿಂದಿನ ದಿನ ಅವನು ತೀರಿಕೊಂಡಿದ್ದ. ಒಳನಾಡಿನಲ್ಲಿ ತಿರುಗುತ್ತಿದ್ದ ಪಾದ್ರಿ ಜಾನ್ ಫ್ಲಿನ್ ಇಂಥ ಸಾವುಗಳನ್ನು ಮುಂದಿಟ್ಟುಕೊಂಡು ವರ್ಷಗಟ್ಟಲೆ ಹಣ ಕೂಡಿಸಿದರು. 1928ರ ಮೇ 17ರಂದು ಕ್ವೀನ್ಸ್‌ಲ್ಯಾಂಡಿನ ಕ್ಲಾನ್‌ಕರಿಯಿಂದ ಮೊದಲ ವಿಮಾನ ಹಾರಿತು. ಆದರೆ ಕರೆಂಟಿಲ್ಲದ ಮನೆಯವರು ವೈದ್ಯರನ್ನು ಕರೆಯುವುದು ಹೇಗೆ? ಅದಕ್ಕೆ ಆಲ್ಫ್ರೆಡ್ ಟ್ರೇಗರ್ ಎಂಬವರು ಪೆಡಲ್ ರೇಡಿಯೋ ಮಾಡಿಕೊಟ್ಟರು. ಕೂತು ಪೆಡಲ್ ತುಳಿದರೆ ಕರೆಂಟ್ ಹುಟ್ಟಿ ರೇಡಿಯೋ ಓಡುತ್ತದೆ. ಮರುದಿನ ಎದುರುಗಾಳಿಯಲ್ಲಿ ಕಾಲು ಸೋತಾಗಲೆಲ್ಲ, ಮಗುವಿಗೆ ಜ್ವರ ಬಂದಾಗ ಹಾಗೆ ತುಳಿಯುತ್ತಾ ಕೂತಿರಬಹುದಾದ ತಾಯಂದಿರು ನೆನಪಾದರು. 20 ಡಾಲರ್ ನೋಟಿನ ಮೇಲೆ ಇರುವುದು ಆ ಫ್ಲಿನ್ ಅವರದೇ ಚಿತ್ರ. ಈ ದೇಶ ಅವರನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತದೆ.

ನನಗೆ ಮುಖ್ಯ ಅನಿಸಿದ್ದು ಇದು. ಇವತ್ತೂ ಈ ಸೇವೆ ನಡೆಯುವುದು ಸರ್ಕಾರದ ಹಣ ಮತ್ತು ಜನರ ದೇಣಿಗೆ ಎರಡೂ ಸೇರಿ. ಸರ್ಕಾರ ಕೊಡುತ್ತದೆ ಅಂತ ಜನ ಕೈ ಕಟ್ಟಿ ಕೂತಿಲ್ಲ, ಜನ ಕೊಡುತ್ತಾರೆ ಅಂತ ಸರ್ಕಾರ ಕೈ ತೊಳೆದುಕೊಂಡಿಲ್ಲ. ಉತ್ತರ ಕನ್ನಡದ ಜನ ಒಂದು ಸುಸಜ್ಜಿತ ದೊಡ್ಡ ಆಸ್ಪತ್ರೆಗೆ ಎಷ್ಟು ವರ್ಷಗಳಿಂದ ಕೂಗುತ್ತಿದ್ದಾರೆ! ಈಗಲೂ ತಲೆಗೆ ಪೆಟ್ಟಾದರೆ, ಹೃದಯದ ತೊಂದರೆಯಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. 2008ರಿಂದ 108 ಆಂಬ್ಯುಲೆನ್ಸ್ ಇದೆ, ಅದರಿಂದ ಎಷ್ಟೋ ಜೀವ ಉಳಿದಿದೆ. ಆದರೆ ಅದು ಬರುವುದು ರಸ್ತೆ ಇರುವವರೆಗೆ. ಹಳ್ಳದ ಆಚೆ ಇರುವವರಿಗೆ ಇನ್ನೂ ಕಂಬಳಿಯೇ ಗತಿ. ನಮ್ಮ ಜಿಲ್ಲೆಯವರ ಸಹನೆ ದೊಡ್ಡದು ನಿಜ, ಅದನ್ನು ಇಷ್ಟು ವರ್ಷ ಪರೀಕ್ಷೆ ಮಾಡಬಾರದಿತ್ತು.

ಅಡಿಲೇಡಿಗೆ ಬಂದ ಮೇಲೆ ಅಪ್ಪಯ್ಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವನ ಹಿಂದೆ ಮಳೆ ಸುರಿಯುವ ಸದ್ದು. ಅವನು ಕೇಳಿದ್ದು ಒಂದೇ, "ಸೈಕಲ್ ತುಳಿದರೆ ಅಲ್ಲಿ ಜನ ದುಡ್ಡು ಕೊಡ್ತ್ವಾ?"

"ಕೊಡ್ತಾರೆ. ನಮ್ಮೂರಲ್ಲಿ ಯಕ್ಷಗಾನದ ಆಟಕ್ಕೆ ವಂತಿಗೆ ಕೊಡೋದಿಲ್ವಾ?"

"ಹಾಂಗಾರೆ ಸಂಕಕ್ಕೂ ವಂತಿಗೆ ಎತ್ತಲಕ್ಕು" ಅಂದ.

ಚಿಕ್ಕಪ್ಪನ ಮಗ ಕಬ್ಬಿಣದ ಸಂಕಕ್ಕೆ ಲೆಕ್ಕ ಹಾಕಿಸುತ್ತಿದ್ದಾನೆ. ಪಂಚಾಯ್ತಿಗೂ ಅರ್ಜಿ ಹೋಗುತ್ತದೆ, ಅವರು ಮಾಡಬೇಕಾದ್ದು ಅವರು ಮಾಡಲೇಬೇಕು. ಇಲ್ಲಿ ನಮ್ಮ ಸೈಕಲ್ ಗೆಳೆಯರೂ ಮುಂದಿನ ಸವಾರಿಯ ಹಣದಲ್ಲಿ ಒಂದು ಪಾಲು ಅದಕ್ಕೆ ಅಂದಿದ್ದಾರೆ. ಮುಂದಿನ ಮಳೆಗಾಲಕ್ಕೆ ಮೊದಲು ಮುಗಿಯಬೇಕಾದರೆ ಹಳ್ಳ ಇಳಿದ ಕೂಡಲೇ, ದೀಪಾವಳಿ ಕಳೆದ ವಾರವೇ ಕಂಬ ಹುಗಿಯಲು ಶುರು ಮಾಡಬೇಕಂತೆ.