ಬೈಕ್ ನೋಡಿದೆ, ಹುಡುಗನನ್ನು ನೋಡಲಿಲ್ಲ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನನ್ನದು ಸೈಕಲ್ ರಿಪೇರಿ ಅಂಗಡಿ. ಮೊದಲು ಬರೀ ಪಂಕ್ಚರ್, ಚೈನು, ಬ್ರೇಕಿನ ಕೆಲಸ. ಈಗ ಬೆಳಕು ಹರಿಯುವ ಮುಂಚೆ ಸಿರುಗುಪ್ಪ ರಸ್ತೆ ಹಿಡಿಯುವ ಹುಡುಗರ ಗೇರ್ ಸೈಕಲ್ಲುಗಳೇ ಜಾಸ್ತಿ.

ಎರಡು ವರ್ಷದ ಹಿಂದೆ ಜೀನ್ಸ್ ಹೊಲಿಯುವ ಹುಡುಗನೊಬ್ಬ ಬಂದ. "ಅಣ್ಣಾ, ಸೆಕೆಂಡ್ ಹ್ಯಾಂಡ್ ಟಿಟಿ ಬೈಕ್ ಸಿಕ್ಕಿದೆ. ನಲವತ್ತೈದು ಸಾವಿರ ಹೇಳ್ತಿದ್ದಾರೆ. ಒಂಚೂರು ನೋಡಿ ಹೇಳಣ್ಣಾ" ಅಂದ. ಟಿಟಿ ಅಂದರೆ ಟೈಮ್ ಟ್ರಯಲ್, ಗಡಿಯಾರದ ಜೊತೆಗಿನ ರೇಸು. ಅದರಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ. ಇನ್ನೊಬ್ಬರ ಹಿಂದೆ ಅಡಗಿ ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಅದಕ್ಕೇ ಮೊಣಕೈ ಊರಿ ಬಗ್ಗಿ ಕೂರುವ ಈ ಬೈಕು.

ಕಾರ್ಬನ್ ಫ್ರೇಮನ್ನು ನಾಣ್ಯದಿಂದ ತಟ್ಟಿ ನೋಡಿದೆ. ಎಲ್ಲೂ ಒಳಗೆ ಒಡೆದಂಥ ಮಂದ ಸದ್ದಿಲ್ಲ. ಸೀಟ್ ಕ್ಲ್ಯಾಂಪಿನ ಹತ್ತಿರ ಬಿರುಕಿಲ್ಲ. ಚೈನ್ ಸವೆದಿರಲಿಲ್ಲ. "ತಗೋ ತಮ್ಮಾ" ಅಂದೆ. ಓವರ್‌ಟೈಮ್ ಮಾಡಿ ಕೂಡಿಟ್ಟ ದುಡ್ಡು ಅದು.

ಮೂರನೇ ವಾರ ಮುಂದಿನ ಟೈರಿನ ಪಕ್ಕದ ಭಾಗ ಜಲ್ಲಿಕಲ್ಲಿಗೆ ಹರಿಯಿತು. ಬಳ್ಳಾರಿ ಜಾಲಿಯ ಮುಳ್ಳಾಗಿದ್ದರೆ ಟ್ಯೂಬಿಗೆ ಪ್ಯಾಚ್ ಹಾಕಿ ಕಳಿಸುತ್ತಿದ್ದೆ. ಇದಕ್ಕೆ ಹೊಸ ಟೈರೇ ಬೇಕು. ಅವತ್ತು ಮೊದಲ ಸಲ ಟೈರಿನ ಮೇಲಿನ ಅಂಕಿ ಓದಿದೆ: 571. ಟೈರು ಕೂರುವ ಕಡೆ ರಿಮ್ಮಿನ ಅಡ್ಡಳತೆ ಅದು, ಮಿ.ಮೀ. ಲೆಕ್ಕದಲ್ಲಿ. ಅಂದರೆ 650ಸಿ, ಹಳೇ ಟ್ರಯಥ್ಲಾನ್ (ಈಜು, ಸೈಕಲ್, ಓಟ ಮೂರೂ ಇರುವ ರೇಸ್) ಬೈಕುಗಳ ಅಳತೆ. ಬಾಯಿಮಾತಲ್ಲಿ ಇದೂ 26 ಇಂಚೇ. ಆದರೆ ಎಂಟಿಬಿ, ಅಂದರೆ ಮೌಂಟನ್ ಬೈಕಿನ 26 ಅಂದರೆ 559. ಸಾದಾ ಸೈಕಲ್ಲಿನ 26×1⅜ ಅಂದರೆ 590. ಒಂದರ ರಿಮ್ಮಿಗೆ ಇನ್ನೊಂದರ ಟೈರ್ ಕೂರುವುದಿಲ್ಲ. ಇವತ್ತಿನ ರೋಡ್ ಬೈಕುಗಳದು 700ಸಿ, ಅಂದರೆ 622. ಊರೆಲ್ಲ ಹುಡುಕಿದರೂ 571 ಸಿಗಲಿಲ್ಲ. ಹೊರಗಿನಿಂದ ತರಿಸುವಷ್ಟರಲ್ಲಿ ಅವನ ರೇಸೇ ಮುಗಿದಿತ್ತು.

ಟೈರಿಗಿಂತ ದೊಡ್ಡ ತಪ್ಪು ಇನ್ನೊಂದು. ಆ ಚಕ್ರವನ್ನು ಕುಳ್ಳಗಿರುವವರ ಫ್ರೇಮಿಗೂ ಹಾಕುತ್ತಿದ್ದರು, ಇದೂ ಅಂಥದ್ದೇ. ಈ ಹುಡುಗ ಉದ್ದ. ಸೀಟ್ ಎತ್ತರಿಸಿದಷ್ಟೂ ಹ್ಯಾಂಡಲ್ ಕೆಳಗೇ ಉಳಿಯಿತು. ಹತ್ತು ನಿಮಿಷಕ್ಕೆ ಕತ್ತು ನೋವು ಅಂತ ಎದ್ದು ಕೂರುತ್ತಿದ್ದ. ಎದ್ದು ಕೂತರೆ ಆ ಬೈಕಿನ ಲಾಭವೆಲ್ಲ ಹೋಯಿತು ಅಲ್ವಾ? ಗಾಳಿಯ ತಡೆಯಲ್ಲಿ ದೊಡ್ಡ ಪಾಲು ಸವಾರನ ಮೈಯದೇ, ಬೈಕಿನದಲ್ಲ. ವೇಗ ಗಂಟೆಗೆ 30ರಿಂದ 40 ಕಿ.ಮೀ.ಗೆ ಏರಿದರೆ ಗಾಳಿ ಸೀಳುವುದಕ್ಕೇ ಎರಡು ಪಟ್ಟಿಗಿಂತ ಜಾಸ್ತಿ ಶಕ್ತಿ ಬೇಕು. ಕೊಳ್ಳುವ ಮೊದಲು ಅವನನ್ನು ಒಮ್ಮೆ ಹತ್ತಿಸಿ ನೋಡಿದ್ದರೆ ಸಾಕಿತ್ತು. ಆ ಐದು ನಿಮಿಷ ನಾನು ಕೊಡಲಿಲ್ಲ.

ಈಗ ಯಾರೇ ಕೇಳಿದರೂ ಮೊದಲು ಅವರ ರೋಡ್ ಬೈಕನ್ನೇ ತರಿಸುತ್ತೇನೆ. ಅದಕ್ಕೆ ಕ್ಲಿಪ್-ಆನ್ ಏರೋ ಬಾರ್ ಹಾಕುತ್ತೇನೆ. ಇದ್ದ ಹ್ಯಾಂಡಲ್ಲಿಗೇ ಬಿಗಿಯುವ, ಮೊಣಕೈ ಊರಲು ಪ್ಯಾಡ್ ಇರುವ ಮುಂಚಾಚಿದ ಹಿಡಿಗಳು ಅವು. ಹ್ಯಾಂಡಲ್ ನಡುವೆ 31.8 ಮಿ.ಮೀ. ದಪ್ಪ ಇದ್ದರೆ ಸಾಮಾನ್ಯವಾಗಿ ಕೂರುತ್ತದೆ. ಕಾರ್ಬನ್ ಹ್ಯಾಂಡಲ್ ಆದರೆ ಕ್ಲ್ಯಾಂಪ್ ಹಾಕಬಹುದು ಅಂತ ಕಂಪನಿ ಹೇಳಿದ್ದರೆ ಮಾತ್ರ. ಸೀಟ್ ಸ್ವಲ್ಪ ಮುಂದೆ, ಒಂಚೂರು ಮೇಲೆ. ಇಲ್ಲದಿದ್ದರೆ ತೊಡೆ ಹೊಟ್ಟೆಗೆ ಒತ್ತುತ್ತದೆ. ಆಮೇಲೆ ಟ್ರೇನರ್ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಇಪ್ಪತ್ತು ನಿಮಿಷ ತುಳಿಸಿ, ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ. ಅಷ್ಟರೊಳಗೆ ಎದ್ದು ಕೂತರೆ ಪ್ಯಾಡ್ ಕೆಳಗೆ ಸ್ಪೇಸರ್ ಹಾಕಿ ಎತ್ತರಿಸುತ್ತೇನೆ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೇ ದಿನ, 24.5 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಗ್ರೆಗ್ ಲೆಮಾಂಡ್ ಇಂಥ ಏರೋ ಬಾರ್ ಹಿಡಿದೇ ಓಡಿಸಿದ್ದು. 50 ಸೆಕೆಂಡ್ ಹಿಂದಿದ್ದವನು ಇಡೀ ಟೂರನ್ನು 8 ಸೆಕೆಂಡಿನಿಂದ ಗೆದ್ದ.

ಉಳಿದ ದುಡ್ಡು ಒಳ್ಳೇ ಟೈರಿಗೆ, ಮೈಗಂಟುವ ಜೆರ್ಸಿಗೆ ಹೋಗಲಿ. ಗಾಳಿ ಸೀಳಲೆಂದು ಮಾಡುವ ಎತ್ತರದ ರಿಮ್ಮಿಗೆ ಆತುರ ಬೇಡ. ಆಷಾಢದ ಗಾಳಿ ಅಡ್ಡ ಬೀಸಿದರೆ ಮುಂದಿನ ಚಕ್ರವನ್ನೇ ಎಳೆಯುತ್ತದೆ. ಏರೋ ಬಾರ್ ಹಿಡಿದಾಗ ಕೈ ಬ್ರೇಕಿನ ಮೇಲೂ ಇರುವುದಿಲ್ಲ. ಗುಂಪಿನಲ್ಲಿ ಓಡಿಸುವಾಗಂತೂ ಏರೋ ಬಾರ್ ಹಿಡಿಯಲೇಬೇಡಿ.

ಟಿಟಿ ಬೈಕೇ ಬೇಕು ಅಂದರೆ 700ಸಿ ಚಕ್ರ, ಎಲ್ಲ ಕಡೆ ಸಿಗುವಂಥ ಬ್ರೇಕು ಇರುವುದನ್ನು ನೋಡಿ. ಫ್ರೇಮಿನೊಳಗೆ ಅಡಗಿಸಿಟ್ಟ ಬ್ರೇಕಿನ ಒಂದು ಕೇಬಲ್ ಬದಲಿಸಲು ನನಗೇ ಅರ್ಧ ದಿನ ಹಿಡಿದಿದೆ.

ಆ ಬೈಕನ್ನು ಅವನು ಕೊಟ್ಟ ದುಡ್ಡಿಗೇ ನಾನು ತೆಗೆದುಕೊಂಡೆ. ಅವನ ಹಳೇ ರೋಡ್ ಬೈಕಿಗೆ ಬಾರ್ ಕೂರಿಸಿ, ಪ್ಯಾಡ್ ಎರಡು ಸೆಂಟಿಮೀಟರ್ ಎತ್ತರಿಸಿದೆ. ಒಂದು ಭಾನುವಾರ ಬೆಳಗ್ಗೆ ಸಿರುಗುಪ್ಪ ರಸ್ತೆಯಲ್ಲಿ 20 ಕಿ.ಮೀ. ಅವನ ಹಿಂದೆ ಮೋಟರ್ ಸೈಕಲ್ಲಿನಲ್ಲಿ ಹೋದೆ. ಮೊಣಕೈ ಪ್ಯಾಡಿನಿಂದ ಎದ್ದಿದ್ದು ಎರಡೇ ಸಲ. ಎರಡೂ ಸಲ ಹಂಪ್ ಬಂದಿತ್ತು.